ಫೈಲ್ ಸಿಂಕ್ ನೋಟಿಫಿಕೇಶನ್: ಯಾವ್ದು ಸುಮ್ನಿರ್ಬೇಕು, ಯಾವ್ದು ಕೂಗ್ಬೇಕು

ಫೈಲ್ ಸಿಂಕ್ ಅಂದ್ರೆ ಒಂದೇ ಫೋಲ್ಡರನ್ನ ಲ್ಯಾಪ್‌ಟಾಪ್, ಫೋನ್, ಕ್ಲೌಡ್ ಎಲ್ಲಾ ಕಡೆ ಒಂದೇ ಥರ ಇಡೋದು. ಅದರ ನೋಟಿಫಿಕೇಶನ್ ಬಗ್ಗೆ ಮೊದ್ಲು ಒಂದು ಗೊಂದಲ ಬಿಡಿಸ್ಕೊಳ್ಳೋಣ. ನೋಟಿಫಿಕೇಶನ್ ಅನ್ನೋ ಪದಾನ ಈ ವಿಷಯದಲ್ಲಿ ಎರಡು ಬೇರೆ ಬೇರೆ ಅರ್ಥಕ್ಕೆ ಬಳಸ್ತಾರೆ, ನನಗೆ ಇದು ಗೊತ್ತಾಗೋವರೆಗೂ ಡಾಕ್ಯುಮೆಂಟೇಶನ್ ಓದಿದ್ರೆ ತಲೆ ಕೆಡ್ತಿತ್ತು. ಒಂದು, ಆಪರೇಟಿಂಗ್ ಸಿಸ್ಟಮ್ಮು ಸಿಂಕ್ ಸಾಫ್ಟ್‌ವೇರ್‌ಗೆ ಹೇಳೋದು, ಅಂದ್ರೆ ಈ ಫೋಲ್ಡರಲ್ಲಿ ಈ ಫೈಲ್ ಬದಲಾಯ್ತು ಅಂತ. ಲಿನಕ್ಸಲ್ಲಿ ಈ ಕೆಲಸ ಇನೋಟಿಫೈ ಅನ್ನೋ ಸೌಲಭ್ಯದ್ದು, 2005ರಲ್ಲಿ ಲಿನಕ್ಸಿನ ತಿರುಳಾದ ಕರ್ನಲ್ಲಿನ 2.6.13ನೇ ವರ್ಷನ್ ಜೊತೆ ಬಂತು. ಇನ್ನೊಂದು, ಸಾಫ್ಟ್‌ವೇರು ನಮಗೆ ಹೇಳೋದು, ಅದೇ ಸ್ಕ್ರೀನ್ ಮೂಲೆಲಿ ಏಳೋ ಪಾಪ್‌ಅಪ್. ಮೊದಲ್ನೇದು ದಿನಕ್ಕೆ ಸಾವಿರ ಸಲ ಬಂದ್ರೂ ನಮಗೇನೂ ಆಗ್ಬೇಕಿಲ್ಲ, ಅದನ್ನ ಸೋಸದೆ ಹಾಗೇ ತಂದು ಎರಡನೇದಕ್ಕೆ ಸುರಿದಾಗ ಕಾಟ ಶುರು.

ಒಂದು ಸೇವ್ ಒತ್ತಿದ್ರೆ ಏನಾಗತ್ತೆ ನೋಡಿ. ವರ್ಡ್‌ನಲ್ಲಿ ಡಾಕ್ಯುಮೆಂಟ್ ತೆಗೆದ ತಕ್ಷಣ ಪಕ್ಕದಲ್ಲೇ ಟಿಲ್ಡೆ ಮತ್ತೆ ಡಾಲರ್ ಚಿಹ್ನೆಯಿಂದ ಶುರುವಾಗೋ ಒಂದು ಸಣ್ಣ ಹಿಡನ್ ಫೈಲ್ ಹುಟ್ಟತ್ತೆ, ಲಿಬ್ರೆಆಫೀಸಲ್ಲೂ ಲಾಕ್ ಫೈಲ್ ಅಂತ ಒಂದಿದೆ. ಸೇವ್ ಮಾಡಿದಾಗ ಎಷ್ಟೋ ಪ್ರೋಗ್ರಾಂಗಳು ಮೊದ್ಲು ಟೆಂಪರರಿ ಫೈಲಿಗೆ ಬರೆದು, ಆಮೇಲೆ ಅದನ್ನ ಹಳೇ ಹೆಸರಿಗೆ ರೀನೇಮ್ ಮಾಡಿ, ಹಳೇದನ್ನ ಅಳಿಸ್ತವೆ. ನಾವು ಮಾಡಿದ್ದು ಒಂದೇ ಕೆಲಸ, ಫೈಲ್‌ಸಿಸ್ಟಮ್ ಲೆಕ್ಕದಲ್ಲಿ ನಾಲ್ಕೈದು ಘಟನೆ, ಜೊತೆಗೆ ಆಟೋಸೇವ್ ಆನ್ ಇದ್ರೆ ಕೇಳೋದೇ ಬೇಡ. ಅದಕ್ಕೇ ಸಿಂಕ್‌ಥಿಂಗ್ ಅನ್ನೋ ಸಿಂಕ್ ಸಾಫ್ಟ್‌ವೇರು ಬದಲಾವಣೆ ಕಂಡ ಕೂಡ್ಲೇ ಓಡಲ್ಲ, ಡೀಫಾಲ್ಟ್ ಆಗಿ 10 ಸೆಕೆಂಡ್ ಕಾದು ಬಂದಿದ್ದನ್ನೆಲ್ಲ ಒಂದು ಕಂತೆ ಮಾಡ್ಕೊಂಡು ಆಮೇಲೆ ಸ್ಕ್ಯಾನ್ ಮಾಡತ್ತೆ. ಈ ಕಂತೆ ಕಟ್ಟೋ ಐಡಿಯಾ ಪರೀಕ್ಷೆಗೂ ಬೇಕು, ಪ್ರಾಜೆಕ್ಟಿಗೂ ಬೇಕು, ಚೆನ್ನಾಗಿ ಮನಸ್ಸಲ್ಲಿ ಇಟ್ಕೊಳ್ಳಿ.

ಬಸ್ ಕಂಡಕ್ಟರನ್ನ ನೆನೆಸ್ಕೊಳ್ಳಿ. ಒಂದೊಂದು ಟಿಕೆಟ್ ಹರಿದಾಗ್ಲೂ ಅವರು ಸೀಟಿ ಊದಲ್ಲ, ಬಸ್ ನಿಲ್ಲಿಸ್ಬೇಕು ಇಲ್ಲ ಹೊರಡಿಸ್ಬೇಕು ಅಂದಾಗ ಮಾತ್ರ ಊದ್ತಾರೆ, ಅದಕ್ಕೇ ಡ್ರೈವರ್ ಆ ಸೀಟಿಗೆ ಬೆಲೆ ಕೊಡ್ತಾರೆ. ಸಿಂಕ್ ಆಯ್ತು ಅನ್ನೋದು ಟಿಕೆಟ್ ಹರಿಯೋ ಕೆಲಸ. ನಾನು ಏನಾದ್ರೂ ಮಾಡ್ಬೇಕಾದ ಪರಿಸ್ಥಿತಿ ಬಂದಾಗ ಮಾತ್ರ ಸೀಟಿ ಬೇಕು: ಜಾಗ ತುಂಬಿದೆ, ಲಾಗಿನ್ ಎಕ್ಸ್‌ಪೈರ್ ಆಗಿದೆ, ಒಟ್ಟಿಗೆ ತುಂಬಾ ಫೈಲ್ ಡಿಲೀಟ್ ಆಗ್ತಿದೆ, ಇಂಥವು.

ಇದನ್ನ ನಾನು ಕಷ್ಟಪಟ್ಟು ಕಲ್ತೆ. ಪ್ರಾಜೆಕ್ಟ್ ರಿಪೋರ್ಟ್ ಬರೀವಾಗ ಪಾಪ್‌ಅಪ್ ಕಾಟಕ್ಕೆ ಬೇಸತ್ತು ಆಗ ಬಳಸ್ತಿದ್ದ ಒಂದು ಸಿಂಕ್ ಕ್ಲೈಂಟಿನ (ನಮ್ಮ ಮಷೀನಲ್ಲಿ ಓಡೋ ಸಿಂಕ್ ಪ್ರೋಗ್ರಾಂ) ನೋಟಿಫಿಕೇಶನ್ನೆಲ್ಲ ಆಪರೇಟಿಂಗ್ ಸಿಸ್ಟಮ್ ಸೆಟ್ಟಿಂಗಲ್ಲೇ ಬಂದ್ ಮಾಡಿದೆ, ಒಂದು ವಾರ ಸ್ವರ್ಗದ ಥರ ಇತ್ತು, ಆಮೇಲೆ ಲ್ಯಾಪ್‌ಟಾಪಿನ ಡಿಸ್ಕ್ ಕೈಕೊಟ್ಟಾಗ ನೋಡಿದ್ರೆ ಕೋಟಾ, ಅಂದ್ರೆ ಕ್ಲೌಡಲ್ಲಿ ನನಗೆ ಕೊಟ್ಟ ಜಾಗ, ತುಂಬಿ ಒಂಬತ್ತು ದಿನದಿಂದ ಏನೂ ಅಪ್‌ಲೋಡ್ ಆಗೇ ಇಲ್ಲ. ಎರಡು ಅಧ್ಯಾಯ ಮತ್ತೆ ಕೂತು ಬರೆದೆ. ಹಾಗಾಗಿ ಎಲ್ಲಾನೂ ಮ್ಯೂಟ್ ಮಾಡಿ ಅನ್ನೋ ಸಲಹೆ ಯಾರಾದ್ರೂ ಕೊಟ್ರೆ ದಯವಿಟ್ಟು ಕೇಳ್ಬೇಡಿ.

ಹಾಗಂತ ಪಾಪ್‌ಅಪ್ ಸಹಿಸ್ಕೊಂಡು ಕೂರಿ ಅಂತಾನೂ ಹೇಳಲ್ಲ. 2015ರಲ್ಲಿ ಫ್ಲಾರಿಡಾ ಸ್ಟೇಟ್ ಯೂನಿವರ್ಸಿಟಿಯವ್ರ ಒಂದು ಪ್ರಯೋಗ ಪ್ರಕಟ ಆಯ್ತು, ಗಮನ ಬೇಕಾದ ಕೆಲಸ ಮಾಡ್ತಿರೋರ ಫೋನಿಗೆ ನೋಟಿಫಿಕೇಶನ್ ಬಂದ್ರೆ ಸಾಕು, ಅವರು ಫೋನ್ ಮುಟ್ಟದೇ ಇದ್ರೂ ತಪ್ಪು ಜಾಸ್ತಿ ಆಗ್ತಿತ್ತು. ನೋಡದೇ ಬಿಟ್ರೆ ಆಯ್ತು ಅನ್ನೋ ವಾದ ಅಲ್ಲಿಗೆ ಬಿದ್ದುಹೋಗತ್ತೆ.

ಈಗ ಕೆಲಸಕ್ಕೆ ಬರೋಣ. ಎಲ್ಲಕ್ಕಿಂತ ಮೊದ್ಲು ಮೂಲದಲ್ಲೇ ಕಡಿಮೆ ಮಾಡಿ, ಅಂದ್ರೆ ಬಿಲ್ಡ್ ಫೋಲ್ಡರ್, ನೋಡ್ ಮಾಡ್ಯೂಲ್ಸ್ (ಕೋಡ್ ಬರೆಯುವಾಗ ಟೂಲ್‌ಗಳು ತುಂಬಿಸೋ ಫೋಲ್ಡರ್‌ಗಳು), ಟೆಂಪರರಿ ಫೈಲ್ ಇವನ್ನ ಸಿಂಕಿಂದಲೇ ಹೊರಗಿಡಿ. ಸಿಂಕ್‌ಥಿಂಗಲ್ಲಿ ಫೋಲ್ಡರ್ ಎಡಿಟ್ ಮಾಡುವಾಗ ಇಗ್ನೋರ್ ಪ್ಯಾಟರ್ನ್ ಅಂತ ಟ್ಯಾಬ್ ಇದೆ, ನೆಕ್ಸ್ಟ್‌ಕ್ಲೌಡ್ ಅನ್ನೋ ಇನ್ನೊಂದು ಸಿಂಕ್ ಸಾಫ್ಟ್‌ವೇರಿನ ಕ್ಲೈಂಟಲ್ಲೂ ಇಗ್ನೋರ್ಡ್ ಫೈಲ್ಸ್ ಎಡಿಟರ್ ಇದೆ. ನನ್ನ ಪ್ರಕಾರ ಅರ್ಧ ಗಲಾಟೆ ಇಲ್ಲೇ ಮುಗಿಯತ್ತೆ.

ನೆಕ್ಸ್ಟ್‌ಕ್ಲೌಡ್ ಬಳಸೋರು ಎರಡು ಕಡೆ ನೋಡ್ಬೇಕು. ಡೆಸ್ಕ್‌ಟಾಪ್ ಕ್ಲೈಂಟಿನ ಜನರಲ್ ಸೆಟ್ಟಿಂಗಲ್ಲಿ ಸರ್ವರ್ ನೋಟಿಫಿಕೇಶನ್ ತೋರಿಸು ಅನ್ನೋ ಟಿಕ್ ಇದೆ. ಅಲ್ಲೇ ದೊಡ್ಡ ಫೋಲ್ಡರ್ ಸಿಂಕ್ ಮಾಡೋ ಮೊದ್ಲು ನನ್ನ ಕೇಳು ಅಂತ ಇನ್ನೊಂದಿದೆ, ಡೀಫಾಲ್ಟ್ 500 ಎಂಬಿ, ಅದನ್ನ ಇಟ್ಕೊಳ್ಳಿ, ಮೊಬೈಲ್ ಡೇಟಾ ಹಂಚ್ಕೊಂಡು ಓದೋರಿಗೆ ಅದು ದೊಡ್ಡ ಉಪಕಾರ. ಇನ್ನು ವೆಬ್‌ನಲ್ಲಿ ಪರ್ಸನಲ್ ಸೆಟ್ಟಿಂಗಿಗೆ ಹೋದ್ರೆ ಒಂದೊಂದು ಘಟನೆಗೂ ಮೇಲ್ ಬೇಕಾ ಪುಶ್ (ತಕ್ಷಣ ಬರೋ ನೋಟಿಫಿಕೇಶನ್) ಬೇಕಾ ಅಂತ ಒಂದು ಕೋಷ್ಟಕ ಸಿಗತ್ತೆ, ಮೇಲ್ ಗಂಟೆಗೊಂದ್ಸಲನಾ, ದಿನಕ್ಕಾ, ವಾರಕ್ಕಾ ಅಂತಾನೂ ಆರಿಸ್ಬೋದು. ನಾನು ಫೈಲ್ ಬದಲಾಯ್ತು ಅನ್ನೋದನ್ನ ದಿನಕ್ಕೊಂದು ಮೇಲಿಗೆ ಇಳಿಸಿದೀನಿ, ಯಾರಾದ್ರೂ ಹೊಸದಾಗಿ ಶೇರ್ ಮಾಡಿದ್ರೆ ಮಾತ್ರ ಪುಶ್.

ಒನ್‌ಡ್ರೈವಲ್ಲಿ ಬೇರೆಯವ್ರು ಎಡಿಟ್ ಮಾಡಿದ್ದು, ಹಳೇ ಫೋಟೋ ನೆನಪು, ಇವೆಲ್ಲ ಆಫ್ ಮಾಡಿ. ಕ್ಲೌಡಲ್ಲಿ ತುಂಬಾ ಫೈಲ್ ಡಿಲೀಟ್ ಆದಾಗ ತಿಳಿಸು ಅನ್ನೋದನ್ನ ಮಾತ್ರ ಮುಟ್ಬೇಡಿ. ಸಿಂಕ್ ಅಂದ್ರೆ ಬ್ಯಾಕಪ್ ಅಲ್ಲ, ಒಂದು ಕಡೆ ಅಳಿಸಿದ್ದು ಎಲ್ಲಾ ಕಡೆ ಅಳಿಸಿಹೋಗತ್ತೆ, ಪರ್ಸನಲ್ ಅಕೌಂಟಿನ ರೀಸೈಕಲ್ ಬಿನ್ನಲ್ಲಿ 30 ದಿನ ಮಾತ್ರ ಇರತ್ತೆ.

ಆಂಡ್ರಾಯ್ಡಲ್ಲಿ 2017ರ 8ನೇ ವರ್ಷನ್ನಿಂದ ನೋಟಿಫಿಕೇಶನ್ ಚಾನೆಲ್ ಬಂದಿದೆ, ಅಂದ್ರೆ ಒಂದೇ ಆಪಿನ ಒಂದೊಂದು ಥರದ ನೋಟಿಫಿಕೇಶನ್ನನ್ನೂ ಬೇರೆ ಬೇರೆಯಾಗಿ ಹೊಂದಿಸ್ಬೋದು, ಹಿನ್ನೆಲೆಲಿ ಓಡ್ತಾ ಇದೀನಿ ಅನ್ನೋದನ್ನ ಒತ್ತಿ ಹಿಡಿದು ಅದೊಂದನ್ನೇ ಸೈಲೆಂಟ್ ಮಾಡಿ, ಆಪ್ ಪೂರ್ತಿ ಬ್ಲಾಕ್ ಮಾಡೋದು ಬೇಡ.

ನೀವೇ ಸಾಫ್ಟ್‌ವೇರ್ ಬರೀತಿದ್ರೆ: ಲಿನಕ್ಸ್ ಡೆಸ್ಕ್‌ಟಾಪಿನ ನೋಟಿಫಿಕೇಶನ್ ಸ್ಪೆಸಿಫಿಕೇಶನ್ನಲ್ಲಿ ತುರ್ತಿಗೆ ಮೂರು ಮಟ್ಟ ಇದೆ, ಲೋ, ನಾರ್ಮಲ್, ಕ್ರಿಟಿಕಲ್. ಕ್ರಿಟಿಕಲ್ ಆಗಿದ್ದು ತಾನಾಗೇ ಮಾಯ ಆಗ್ಬಾರ್ದು ಅಂತ ಅಲ್ಲೇ ಹೇಳಿದಾರೆ. ಹಳೇ ಪಾಪ್‌ಅಪ್ ಜಾಗದಲ್ಲೇ ಹೊಸದನ್ನ ತೋರಿಸೋಕೂ ದಾರಿ ಇದೆ, ಹಾಗಾಗಿ 40 ಫೈಲಿಗೆ 40 ಪಾಪ್‌ಅಪ್ ಹಾಕೋಕೆ ಯಾವ ಕಾರಣಾನೂ ಉಳಿದಿಲ್ಲ.

ನನಗೆ ತುಂಬಾ ಇಷ್ಟವಾದ ಉದಾಹರಣೆ ಹಳೇದು. ಝೆರಾಕ್ಸ್ ಕಂಪನಿಯ ಪಾರ್ಕ್ ಅನ್ನೋ ಸಂಶೋಧನಾ ಕೇಂದ್ರದಲ್ಲಿ ನಟಾಲಿ ಜೆರೆಮಿಜೆಂಕೊ ಅನ್ನೋ ಕಲಾವಿದೆ ಒಂದು ಸಣ್ಣ ಮೋಟಾರಿಗೆ ಎಂಟಡಿ ಪ್ಲಾಸ್ಟಿಕ್ ದಾರ ಕಟ್ಟಿ ಸೀಲಿಂಗಿಂದ ಇಳಿಬಿಟ್ಟಿದ್ರು. ಮೋಟಾರನ್ನ ನೆಟ್‌ವರ್ಕ್ ಕೇಬಲ್ಲಿಗೆ ಜೋಡಿಸಿದ್ರು, ಟ್ರಾಫಿಕ್ ಜಾಸ್ತಿ ಇದ್ರೆ ದಾರ ಗಿರ್ರನೆ ಸುತ್ತೋದು, ಕಮ್ಮಿ ಇದ್ರೆ ಆಗೊಮ್ಮೆ ಈಗೊಮ್ಮೆ ಅಲುಗಾಡೋದು. ಯಾರ ಕೆಲಸಾನೂ ನಿಲ್ಲಿಸ್ದೆ ನೆಟ್‌ವರ್ಕ್ ಹೇಗಿದೆ ಅಂತ ಕಣ್ಣಂಚಲ್ಲೇ ಗೊತ್ತಾಗ್ತಿತ್ತು. ಅಲ್ಲಿನ ಸಂಶೋಧಕರಾದ ಮಾರ್ಕ್ ವೈಸರ್ ಮತ್ತೆ ಜಾನ್ ಸೀಲಿ ಬ್ರೌನ್ 1995ರಲ್ಲಿ ಶಾಂತ ತಂತ್ರಜ್ಞಾನದ (ಗಮನ ಕೆಡಿಸ್ದೆ ಮಾಹಿತಿ ಕೊಡೋ ತಂತ್ರಜ್ಞಾನ) ಬಗ್ಗೆ ಬರೆದಾಗ ಇದನ್ನೇ ಉದಾಹರಣೆ ಕೊಟ್ರು. ಟ್ರೇಯಲ್ಲಿ, ಅಂದ್ರೆ ಸ್ಕ್ರೀನಲ್ಲಿ ಗಡಿಯಾರದ ಪಕ್ಕ, ಇರೋ ಸಿಂಕ್ ಐಕಾನ್ ಈ ದಾರದ ಕೆಲಸ ಮಾಡ್ಬೋದು, ಅದಕ್ಕೆ ಅದನ್ನ ಬಾಣದ ಗುರುತಿನ ಹಿಂದೆ ಅಡಗಿಸಿ ಇಡ್ಬೇಡಿ, ಯಾವಾಗ್ಲೂ ಕಾಣೋ ಹಾಗೆ ಎಳೆದು ಇಟ್ಕೊಳ್ಳಿ.

ಒಂದು ವಿಷಯಕ್ಕೆ ಮಾತ್ರ ಐಕಾನ್ ನಂಬೋ ಹಾಗಿಲ್ಲ, ಕಾನ್ಫ್ಲಿಕ್ಟ್. ಎರಡು ಮಷೀನಲ್ಲಿ ಒಂದೇ ಫೈಲ್ ಬದಲಾದ್ರೆ ಸಿಂಕ್‌ಥಿಂಗ್ ಹಳೇ ಸಮಯದ್ದನ್ನ ಹೆಸರಲ್ಲಿ ಸಿಂಕ್-ಕಾನ್ಫ್ಲಿಕ್ಟ್ ಅಂತ ಸೇರಿಸಿ ಪಕ್ಕಕ್ಕಿಡತ್ತೆ, ಆಮೇಲೆ ಅದೂ ಒಂದು ಮಾಮೂಲಿ ಫೈಲ್ ಅಂತ ಎಲ್ಲಾ ಡಿವೈಸಿಗೂ ಹೋಗತ್ತೆ, ಐಕಾನ್ ಆರಾಮಾಗೇ ಇರತ್ತೆ. ಅದಕ್ಕೆ ಶನಿವಾರ ಬೆಳಗ್ಗೆ ಆ ಪದಾನ ಫೋಲ್ಡರಲ್ಲಿ ಒಂದ್ಸಲ ಹುಡುಕ್ತೀನಿ, ಸಿಕ್ಕಿದ್ರೆ ಎರಡನ್ನೂ ಅಕ್ಕಪಕ್ಕ ತೆಗೆದು ಬೇಕಾದ ಸಾಲು ಸೇರಿಸ್ಕೊಂಡು ಆ ಪ್ರತೀನ ಅಳಿಸ್ತೀನಿ.