ಪೋರ್ಟ್ ತೆರೆದರೂ ಹೊರಗಿನವರು ಒಳಗೆ ಬರದಿದ್ದರೆ

ಹಳೆಯ ಲ್ಯಾಪ್‌ಟಾಪ್‌ಗೆ ಜೆಲ್ಲಿಫಿನ್ ಎಂಬ ವಿಡಿಯೊ ಸರ್ವರ್ ತಂತ್ರಾಂಶ ಹಾಕಿ ಮನೆಯ ವಿಡಿಯೊಗಳನ್ನೆಲ್ಲ ತುಂಬಿಸಿದ್ದೀರಿ. ಮನೆಯ ವೈಫೈನಲ್ಲಿ ಚೆನ್ನಾಗಿಯೇ ಓಡುತ್ತದೆ. ಹೊರಗಿದ್ದಾಗಲೂ ಸಿಗಲಿ ಎಂದು ರೌಟರ್‌ನಲ್ಲಿ ಜೆಲ್ಲಿಫಿನ್‌ನ 8096ನೇ ಪೋರ್ಟ್ (ಸಂಖ್ಯೆ ಹಾಕಿದ ಬಾಗಿಲು ಎನ್ನಿ) ಫಾರ್ವರ್ಡ್ ಮಾಡಿದ್ದೀರಿ, ಅಂದರೆ ಆ ಬಾಗಿಲಿಗೆ ಬಂದದ್ದನ್ನು ಲ್ಯಾಪ್‌ಟಾಪ್‌ಗೆ ಕಳಿಸು ಎಂಬ ರೂಲ್ ಬರೆದಿದ್ದೀರಿ. ಸಿಗುತ್ತಿಲ್ಲ. ಆಗ ಎಲ್ಲರೂ ರೂಲ್ ಅಳಿಸಿ ಮತ್ತೆ ಬರೆಯುತ್ತಾರೆ, ರೌಟರ್ ಆಫ್ ಮಾಡಿ ಆನ್ ಮಾಡುತ್ತಾರೆ. ಎಷ್ಟೋ ಸಲ ರೂಲ್ ಸರಿಯಾಗಿಯೇ ಇರುತ್ತದೆ. ಹೊರಗಿನ ಪ್ಯಾಕೆಟ್ (ದತ್ತಾಂಶದ ತುಣುಕು) ನಿಮ್ಮ ರೌಟರ್ ತನಕ ಬಂದೇ ಇರುವುದಿಲ್ಲ.

ಇಂಟರ್ನೆಟ್‌ನಲ್ಲಿ ಯಂತ್ರಗಳನ್ನು ಗುರುತಿಸುವ ಹಳೆಯ ಬಗೆಯ ಸಂಖ್ಯೆ, ಅಂದರೆ ಐಪಿವಿ4 ವಿಳಾಸ, 32 ಬಿಟ್‌ನದು. ಹಾಗಾಗಿ ಒಟ್ಟು ಸುಮಾರು 429 ಕೋಟಿ ವಿಳಾಸಗಳು ಮಾತ್ರ ಸಾಧ್ಯ. ಜಾಗತಿಕ ದಾಸ್ತಾನಿನಲ್ಲಿ ಉಳಿದಿದ್ದ ಕೊನೆಯ ಕಂತುಗಳನ್ನು 2011ರ ಫೆಬ್ರವರಿಯಲ್ಲೇ ಹಂಚಿ ಮುಗಿಸಿದರು. ಮನೆಯ ಫೋನು, ಟಿವಿ, ಲ್ಯಾಪ್‌ಟಾಪ್ ಎಲ್ಲವೂ ಒಂದೇ ವಿಳಾಸದಲ್ಲಿ ಬದುಕುವಂತೆ ಮಾಡುವುದು ನ್ಯಾಟ್. ಒಳಗಿನಿಂದ ಹೊರಟ ಸಂಪರ್ಕವನ್ನು ರೌಟರ್ ತನ್ನ ಪಟ್ಟಿಯಲ್ಲಿ ಬರೆದುಕೊಳ್ಳುತ್ತದೆ. ಉತ್ತರ ಬಂದಾಗ ಪಟ್ಟಿ ನೋಡಿ ಸರಿಯಾದ ಸಾಧನಕ್ಕೆ ಕೊಡುತ್ತದೆ. ಹೊರಗಿನಿಂದ ತಾನಾಗಿ ಬಂದದ್ದಕ್ಕೆ ಪಟ್ಟಿಯಲ್ಲಿ ಸಾಲೇ ಇರುವುದಿಲ್ಲ, ಅದನ್ನು ಬಿಸಾಡುತ್ತದೆ. ಪೋರ್ಟ್ ಫಾರ್ವರ್ಡಿಂಗ್ ಎಂದರೆ ಆ ಸಾಲನ್ನು ನಾವೇ ಕೈಯಾರೆ ಬರೆದಿಡುವುದು.

ವಿಳಾಸಗಳು ಸಾಲದೆ ಹೋದಾಗ ಇಂಟರ್ನೆಟ್ ಕಂಪನಿಗಳೂ ಇದೇ ದಾರಿ ಹಿಡಿದವು. ನೂರಾರು ಮನೆಗಳನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಕೂರಿಸಿದವು. ಇದು ಸಿಜಿನ್ಯಾಟ್, ಅಂದರೆ ಕಂಪನಿ ಮಟ್ಟದ ನ್ಯಾಟ್. ಇದಕ್ಕಾಗಿಯೇ 2012ರಲ್ಲಿ 100.64.0.0ರಿಂದ 100.127.255.255ರವರೆಗಿನ ವಿಳಾಸಗಳನ್ನು ತೆಗೆದಿಟ್ಟರು. ಈಗ ಪಟ್ಟಿಗಳು ಎರಡು. ನಿಮ್ಮದರಲ್ಲಿ ನೀವು ಸಾಲು ಬರೆಯಬಹುದು, ಕಂಪನಿಯದರಲ್ಲಿ ಬರೆಯಲು ನಿಮ್ಮನ್ನು ಯಾರು ಬಿಡುತ್ತಾರೆ?

ಆದ್ದರಿಂದ ಮೊದಲು ಎರಡು ಸಂಖ್ಯೆಗಳನ್ನು ಹೋಲಿಸಿ. ರೌಟರ್ ಪುಟದಲ್ಲಿ ಕಾಣುವ ವ್ಯಾನ್ ಐಪಿ (ರೌಟರ್‌ಗೆ ಹೊರಗಿನ ಕಡೆಯಿಂದ ಸಿಕ್ಕ ವಿಳಾಸ) ಒಂದು, ನಿಮ್ಮ ಐಪಿ ತೋರಿಸುವ ಯಾವುದಾದರೂ ವೆಬ್‌ಸೈಟ್ ಹೇಳುವುದು ಇನ್ನೊಂದು. ಎರಡೂ ಒಂದೇ ಆದರೆ ಒಳ್ಳೆಯದು. ವ್ಯಾನ್ ಐಪಿ ಮೇಲೆ ಹೇಳಿದ 100ರ ಸಾಲಿನದಾದರೆ ಸಿಜಿನ್ಯಾಟ್. 192.168 ಎಂದಿದ್ದರೆ ಸಾಮಾನ್ಯವಾಗಿ ಮುಂದೆ ಇನ್ನೊಂದು ರೌಟರ್ ಕೂತಿದೆ. ಬಹಳ ಕಡೆ ಅದು ಫೈಬರ್ ಕಂಪನಿ ಕೊಟ್ಟ ಡಬ್ಬಿಯೇ. ಅದನ್ನು ಬ್ರಿಡ್ಜ್ ಮೋಡ್‌ಗೆ (ತಾನು ನ್ಯಾಟ್ ಮಾಡದೆ ಎಲ್ಲವನ್ನೂ ನಿಮ್ಮ ರೌಟರ್‌ಗೆ ನೇರ ದಾಟಿಸುವ ಸ್ಥಿತಿಗೆ) ಹಾಕಿಸಿ, ಇಲ್ಲವೇ ಅಲ್ಲೂ ಒಂದು ರೂಲ್ ಬರೆಯಿರಿ. 10ರಿಂದ ಶುರುವಾದರೆ ಎರಡರಲ್ಲಿ ಯಾವುದೂ ಇರಬಹುದು.

ಸಂಖ್ಯೆಗಳು ಹೊಂದಿದರೂ ಸಿಗುತ್ತಿಲ್ಲವೇ? ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಲ್ಲಿ ನೋಡಿ. ಒಳಗಿನಿಂದಲೇ ಹೊರವಿಳಾಸ ಹೊಡೆದರೆ ಕೆಲವು ರೌಟರ್‌ಗಳು ಅದನ್ನು ತಿರುಗಿಸಿ ಒಳಗೆ ಕಳಿಸುವುದಿಲ್ಲ. ತಕ್ಷಣ ‘ರಿಫ್ಯೂಸ್ಡ್’ ಎಂದು ಬಂದರೆ ಪ್ಯಾಕೆಟ್ ಯಾವುದೋ ಯಂತ್ರವನ್ನು ಮುಟ್ಟಿದೆ, ಆ ಪೋರ್ಟಿನಲ್ಲಿ ಕೇಳುವವರಿಲ್ಲ. ಬಹುಶಃ ಸರ್ವರ್ ನಿಂತಿದೆ, ಇಲ್ಲವೇ ರೂಲ್ ತಪ್ಪು ಯಂತ್ರಕ್ಕೋ ತಪ್ಪು ಪೋರ್ಟಿಗೋ ಕಳಿಸುತ್ತಿದೆ. ತುಂಬ ಹೊತ್ತು ಸುಮ್ನೆ ತಿರುಗಿ ‘ಟೈಮ್‌ಔಟ್’ ಆದರೆ ಫೈರ್‌ವಾಲ್ (ಬೇಡದ ಸಂಪರ್ಕ ತಡೆಯುವ ಕಾವಲು) ನುಂಗಿರಬಹುದು, ಇಲ್ಲವೇ ಲ್ಯಾಪ್‌ಟಾಪ್‌ನ ಒಳವಿಳಾಸ ಬದಲಾಗಿ ರೂಲ್ ಖಾಲಿ ಜಾಗಕ್ಕೆ ಕಳಿಸುತ್ತಿರಬಹುದು. ಒಳವಿಳಾಸವನ್ನು ರೌಟರ್‌ನಲ್ಲೇ ಕಾಯ್ದಿರಿಸಿಬಿಡಿ. ಪೋರ್ಟ್ ಪರೀಕ್ಷಿಸುವ ವೆಬ್‌ಸೈಟ್‌ಗಳನ್ನು ಪೂರ್ತಿ ನಂಬಬೇಡಿ. ದತ್ತಾಂಶ ಸಾಗಿಸುವ ಟಿಸಿಪಿ, ಯುಡಿಪಿ ಎಂಬ ಎರಡು ವಿಧಾನಗಳಲ್ಲಿ ಹೆಚ್ಚಿನವು ಟಿಸಿಪಿ ಮಾತ್ರ ನೋಡುತ್ತವೆ. ಯುಡಿಪಿ ಬಳಸುವ ವೈರ್‌ಗಾರ್ಡ್ (ಎರಡು ಯಂತ್ರಗಳ ನಡುವೆ ಖಾಸಗಿ ಸುರಂಗ ಕಟ್ಟುವ ತಂತ್ರಾಂಶ) ಸರಿಯಾಗಿ ಓಡುತ್ತಿದ್ದರೂ ಮುಚ್ಚಿದೆ ಎನ್ನುತ್ತವೆ.

ಸಿಜಿನ್ಯಾಟ್ ಇದ್ದರೆ ದಾರಿ ಬೇರೆ. ಕೆಲವು ಕಂಪನಿಗಳು ಹೆಚ್ಚು ಹಣಕ್ಕೆ ಸ್ಟ್ಯಾಟಿಕ್ ಐಪಿ, ಅಂದರೆ ನಿಮಗೇ ಮೀಸಲಾದ ಬದಲಾಗದ ಸಾರ್ವಜನಿಕ ವಿಳಾಸ ಕೊಡುತ್ತವೆ. ಐಪಿವಿ6 (ವಿಳಾಸಗಳು ಹೇರಳವಾಗಿರುವ ಹೊಸ ಬಗೆ) ಇದ್ದರೆ ನ್ಯಾಟ್ ಗೋಜೇ ಬೇಡ, ಫೈರ್‌ವಾಲ್‌ನಲ್ಲಿ ಅನುಮತಿ ಕೊಟ್ಟರೆ ಆಯಿತು. ಆದರೆ ನೋಡುವವರ ಕಡೆಯೂ ಐಪಿವಿ6 ಇರಬೇಕು. ನನಗೆ ಇಷ್ಟವಾಗುವುದು ಮೂರನೆಯದು: ಸಾರ್ವಜನಿಕ ವಿಳಾಸವಿರುವ ಒಂದು ಸಣ್ಣ ಬಾಡಿಗೆ ಸರ್ವರ್ ತೆಗೆದುಕೊಂಡು, ಮನೆಯ ಯಂತ್ರವೇ ಅದಕ್ಕೆ ವೈರ್‌ಗಾರ್ಡ್ ಸುರಂಗ ಕಟ್ಟುವುದು. ಹೊರಗಿನವರು ಆ ಸರ್ವರ್‌ಗೆ ಬರುತ್ತಾರೆ, ಅದು ಸುರಂಗದಲ್ಲಿ ಮನೆಗೆ ದಾಟಿಸುತ್ತದೆ. ಸಂಪರ್ಕ ಒಳಗಿನಿಂದ ಹೊರಟಿದ್ದರಿಂದ ಎರಡೂ ಪಟ್ಟಿಗಳಲ್ಲಿ ಸಾಲು ತಾನೇ ಬೀಳುತ್ತದೆ. ಮಾತು ನಿಂತರೆ ರೌಟರ್‌ಗಳು ಆ ಸಾಲನ್ನು ಬೇಗ ಅಳಿಸುತ್ತವೆ. ಅದಕ್ಕೇ ಮನೆಯ ಕಡೆಯ ವೈರ್‌ಗಾರ್ಡ್‌ನಲ್ಲಿ ಕೀಪ್‌ಅಲೈವ್ (ಸುಮ್ಮನಿದ್ದಾಗಲೂ ಆಗಾಗ ಸಣ್ಣ ಪ್ಯಾಕೆಟ್ ಕಳಿಸುವ ಸೆಟ್ಟಿಂಗ್) 25 ಸೆಕೆಂಡ್ ಎಂದು ಹಾಕುವುದನ್ನು ಮರೆಯಬೇಡಿ.