ಪೈಲಟ್ ಟ್ರೈನಿಂಗ್ ವಿಮಾನ ಬದಲಾಯಿಸೋದು: ನಮ್ಮ ವಾಯುಪಡೆಯ ಕಥೆ ಅರ್ಥ ಮಾಡ್ಕೊಳ್ಳೋಕೆ ಒಂದು ಟಿಪ್ಪಣಿ

ಡಿಫೆನ್ಸ್ ಟಾಪಿಕ್ ಓದೋವಾಗ ನಾವೆಲ್ಲ ರಫೇಲ್, ಸುಖೋಯ್, ತೇಜಸ್ ಅಂತ ಅಲ್ಲೇ ನಿಂತುಬಿಡ್ತೀವಿ. ಆದ್ರೆ ಅದನ್ನ ಮುಂದೆ ಓಡಿಸಬೇಕಾದ ಹುಡುಗನೋ ಹುಡುಗಿನೋ ಮೊದಲನೇ ದಿನ ಯಾವ ವಿಮಾನದಲ್ಲಿ ಕೂತ್ಕೊಳ್ತಾರೆ ಅಂತ ಕೇಳಿದ್ರೆ ತುಂಬಾ ಜನಕ್ಕೆ ಗೊತ್ತಿರಲ್ಲ. ನನಗೆ ಈ ಚಾಪ್ಟರ್ ತುಂಬಾ ಮುಖ್ಯ ಅನ್ನಿಸಿದೆ, ಅದಕ್ಕೆ ಸ್ವಲ್ಪ ಬಿಡಿಸಿ ಬರೀತಿದ್ದೀನಿ.

ಮೊದಲು ಏಣಿ ನೆನಪಿಟ್ಕೊಳ್ಳಿ. ಫೈಟರ್ ಪೈಲಟ್ ಆಗೋಕೆ ಮೂರು ಮೆಟ್ಟಿಲು. ಮೊದಲನೇದು ಬೇಸಿಕ್ ಟ್ರೈನರ್, ಹೈದರಾಬಾದ್ ಹತ್ರ ದುಂಡಿಗಲ್‌ನಲ್ಲಿರೋ ಏರ್ ಫೋರ್ಸ್ ಅಕಾಡೆಮಿ ಇದರ ಮುಖ್ಯ ಜಾಗ. ಎರಡನೇದು ಇಂಟರ್‌ಮೀಡಿಯೆಟ್ ಜೆಟ್ ಟ್ರೈನರ್, ಅಂದ್ರೆ ಬಹಳ ವರ್ಷ ಎಚ್‌ಎಎಲ್‌ನ ಕಿರಣ್. ಮೂರನೇದು ಅಡ್ವಾನ್ಸ್ಡ್ ಜೆಟ್ ಟ್ರೈನರ್, ಅದು ಹಾಕ್, ನಮ್ಮ ಬೀದರ್‌ನಲ್ಲಿ. ಟ್ರಾನ್ಸ್‌ಪೋರ್ಟ್ ಮತ್ತೆ ಹೆಲಿಕಾಪ್ಟರ್ ಕಡೆ ಹೋಗೋರು ಮೊದಲ ಮೆಟ್ಟಿಲು ದಾಟಿದ ಮೇಲೆ ಬೇರೆ ದಾರಿ ಹಿಡೀತಾರೆ.

ಈಗ ನಾನು ಹೇಳ್ಬೇಕಂತಿರೋ ವಿಷಯ. ಈ ಮೆಟ್ಟಿಲುಗಳಲ್ಲಿ ಒಂದು ಮುರಿದ್ರೆ ಅದರ ಭಾರ ಪಕ್ಕದ ಮೆಟ್ಟಿಲ ಮೇಲೆ ಬೀಳುತ್ತೆ, ಆಮೇಲೆ ಅದೂ ಸವೆಯೋಕೆ ಶುರುವಾಗುತ್ತೆ. ಹಾಗಾಗಿ ಹಳೇದು ಹೋಗೋ ಮೊದಲೇ ಹೊಸದು ಬಂದು ನಿಂತಿರಬೇಕು. ನಮ್ಮಲ್ಲಿ ಉಲ್ಟಾ ಆಯ್ತು.

ಮೊದಲನೇ ಮೆಟ್ಟಿಲಲ್ಲಿ ಎಚ್‌ಪಿಟಿ-32 ದೀಪಕ್ ಅಂತ ಒಂದು ಪಿಸ್ಟನ್ ಇಂಜಿನ್ ವಿಮಾನ ಇತ್ತು, ಮೊದಲು ಹಾರಿದ್ದು 1977ರಲ್ಲಿ. ಗುರು ಶಿಷ್ಯ ಅಕ್ಕಪಕ್ಕ ಕೂತ್ಕೊಳ್ತಿದ್ರು, ಅಪಾಯದಲ್ಲಿ ಪೈಲಟ್‌ನ ಸೀಟ್ ಸಮೇತ ಹೊರಗೆ ಎಸೆಯೋ ಇಜೆಕ್ಷನ್ ಸೀಟ್ ಇರ್ಲಿಲ್ಲ. ಹಾರ್ತಾ ಇರೋವಾಗ ಇಂಜಿನ್ ನಿಂತುಹೋಗೋದು ಇದರ ದೊಡ್ಡ ತೊಂದರೆ, ಇಂಜಿನ್ ನಿಂತ್ರೆ ದೂರ ತೇಲ್ಕೊಂಡು ಹೋಗೋ ಗುಣಾನೂ ಕಮ್ಮಿ, ಹಾಗಾಗಿ ಕೆಳಗೆ ಬಯಲು ಹುಡುಕೋಕೆ ಟೈಮೇ ಸಿಗ್ತಿರ್ಲಿಲ್ಲ. 2009ರ ಜುಲೈ ಕೊನೇಲಿ ಇನ್ನೊಂದು ಅಪಘಾತದಲ್ಲಿ ಇಬ್ಬರು ಪೈಲಟ್‌ಗಳು ತೀರ್ಕೊಂಡ್ರು, ಆಮೇಲೆ ಇಡೀ ಫ್ಲೀಟನ್ನೇ ನೆಲಕ್ಕೆ ಕಟ್ಟಿಹಾಕಿದ್ರು. ಆ ವಿಮಾನಗಳಲ್ಲಿ ಒಟ್ಟು 19 ಪೈಲಟ್‌ಗಳನ್ನ ಕಳ್ಕೊಂಡಿದ್ದೀವಿ. ಕಲಿಯೋ ವಿಮಾನದಲ್ಲೇ ಇಷ್ಟು ಜೀವ ಹೋಗಿದ್ದು ಓದಿದಾಗ ನಿಜವಾಗ್ಲೂ ಮನಸ್ಸು ಭಾರ ಆಗುತ್ತೆ.

ನಿಲ್ಲಿಸಿದ್ದು ಸರೀನೇ, ಆದ್ರೆ ಬದಲಿ ವಿಮಾನ ಕೈಯಲ್ಲಿ ಇರ್ಲಿಲ್ಲ. ಸ್ವಿಟ್ಜರ್ಲೆಂಡಿನ ಪಿಲಾಟಸ್ ಪಿಸಿ-7 ಮಾರ್ಕ್ 2 ವಿಮಾನ 75 ತಗೊಳ್ಳೋಕೆ ಒಪ್ಪಂದ ಆಗಿದ್ದು 2012ರ ಮೇನಲ್ಲಿ, ದುಂಡಿಗಲ್‌ನಲ್ಲಿ ಸೇವೆಗೆ ಸೇರಿದ್ದು 2013ರ ಮೇನಲ್ಲಿ. ಮಧ್ಯದ ಸುಮಾರು ನಾಲ್ಕು ವರ್ಷ ಏನೂ ಬರದ ಹೊಸಬರನ್ನ ಸೀದಾ ಕಿರಣ್ ಜೆಟ್‌ನಲ್ಲಿ ಕೂರಿಸಿ ಕಲಿಸಿದ್ರು. ಕಿರಣ್ ಮೊದಲು ಹಾರಿದ್ದು 1964ರಲ್ಲಿ ಅನ್ನೋದನ್ನ ಇಲ್ಲಿ ನೆನಪು ಮಾಡ್ಕೊಳ್ಳಿ, ಆಗ್ಲೇ ವಯಸ್ಸಾಗಿದ್ದ ವಿಮಾನ, ಅದರ ಮೇಲೆ ಎರಡು ಮೆಟ್ಟಿಲ ಕೆಲಸ ಬಿತ್ತು. ಯಲಹಂಕದ ಏರೋ ಇಂಡಿಯಾ ವಿಮಾನ ಪ್ರದರ್ಶನ ನೋಡಿದವರಿಗೆ ಆಕಾಶದಲ್ಲಿ ಕಸರತ್ತು ಮಾಡೋ ಬೀದರ್‌ನ ಸೂರ್ಯಕಿರಣ್ ತಂಡ ಗೊತ್ತಿರುತ್ತಲ್ವಾ, ಅದು 2011ರ ಶೋ ಆದ್ಮೇಲೆ ನಿಂತುಹೋಗಿದ್ದೂ ಇದೇ ಕಾರಣಕ್ಕೆ, ಟ್ರೈನಿಂಗ್‌ಗೆ ಕಿರಣ್ ಸಾಲ್ತಿರ್ಲಿಲ್ಲ ಅಂತ ತಂಡದ ವಿಮಾನಗಳನ್ನೇ ಕೊಟ್ರು. ಆಮೇಲೆ 2015ರಲ್ಲಿ ಹಾಕ್ ಮೇಲೆ ವಾಪಸ್ ಬಂತು.

ಪಿಸಿ-7 ಬಂದಾಗ ಏನು ಬದಲಾಯ್ತು? ಟರ್ಬೊಪ್ರಾಪ್ ಇಂಜಿನ್, ಅಂದ್ರೆ ಜೆಟ್ ಇಂಜಿನ್ ಥರದ ಟರ್ಬೈನೇ ಮುಂದಿನ ಪ್ರೊಪೆಲ್ಲರ್ ತಿರುಗಿಸುತ್ತೆ, ಇಂಧನಾನೂ ಜೆಟ್‌ಗಳು ಕುಡಿಯೋ ಅದೇ ಇಂಧನ, ಪಿಸ್ಟನ್ ಇಂಜಿನ್‌ಗೆ ಬೇಕಾಗೋ ಬೇರೆ ಏವಿಯೇಷನ್ ಪೆಟ್ರೋಲ್ ಗೊಡವೆ ಇಲ್ಲ. ಸೀಟ್ ಹಿಂದೆ ಮುಂದೆ. ಶಿಷ್ಯ ಮುಂದೆ ಒಬ್ಬನೇ ಕೂತಿರ್ತಾನೆ, ಫೈಟರ್‌ನಲ್ಲಿ ಕೂರೋ ಹಾಗೇ. ಅಕ್ಕಪಕ್ಕದ ಸೀಟಲ್ಲಿ ಗುರುಗೆ ಶಿಷ್ಯನ ಕೈ, ಕಣ್ಣು ಎಲ್ಲಿದೆ ಅಂತ ಕಾಣುತ್ತೆ, ಆ ಅನುಕೂಲ ಇಲ್ಲಿ ಹೋಗುತ್ತೆ, ಆದ್ರೆ ಮುಂದಿನ ಮೆಟ್ಟಿಲಿಗೆ ಅಭ್ಯಾಸ ಚೆನ್ನಾಗಾಗುತ್ತೆ. ಇಜೆಕ್ಷನ್ ಸೀಟ್ ಬಂತು, ನನ್ನ ಪ್ರಕಾರ ಅದೇ ಎಲ್ಲಕ್ಕಿಂತ ದೊಡ್ಡದು.

ಎರಡನೇ ಮೆಟ್ಟಿಲಿಗೆ ಕಿರಣ್ ಬದಲು ಎಚ್‌ಎಎಲ್ ಮಾಡ್ತಿದ್ದದ್ದು ಎಚ್‌ಜೆಟಿ-36 ಸಿತಾರ. 2003ರ ಮಾರ್ಚ್‌ನಲ್ಲೇ ಹಾರಿತ್ತು, ಆದ್ರೆ ಸ್ಪಿನ್ ವಿಷಯದಲ್ಲಿ ಸಿಕ್ಕಾಕೊಂಡ್ತು. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಎಲ್ಲರೂ ಗೊಂದಲ ಮಾಡ್ಕೊಳ್ಳೋದು ಇಲ್ಲೇ. ಸ್ಟಾಲ್ ಅಂದ್ರೆ ಇಂಜಿನ್ ಆಫ್ ಆಗೋದು ಅಂತ ಅಂದ್ಕೊಂಡಿರ್ತೀವಿ, ಇಂಜಿನ್‌ಗೂ ಇದಕ್ಕೂ ಸಂಬಂಧ ಇಲ್ಲ. ರೆಕ್ಕೆ ಗಾಳಿಗೆ ತೀರಾ ಹೆಚ್ಚು ಕೋನದಲ್ಲಿ ಎದ್ದು ನಿಂತಾಗ ಮೇಲ್ಗಡೆ ಹರಿಯೋ ಗಾಳಿ ರೆಕ್ಕೆಯಿಂದ ಬಿಟ್ಟುಹೋಗುತ್ತೆ, ಎತ್ತಿ ಹಿಡಿಯೋ ಬಲ ಬಿದ್ದುಹೋಗುತ್ತೆ, ಅದು ಸ್ಟಾಲ್. ಒಂದು ರೆಕ್ಕೆ ಇನ್ನೊಂದಕ್ಕಿಂತ ಜಾಸ್ತಿ ಸ್ಟಾಲ್ ಆದ್ರೆ ವಿಮಾನ ಬುಗುರಿ ಥರ ತಿರುಗ್ತಾ ಕೆಳಗೆ ಬರುತ್ತೆ, ಅದು ಸ್ಪಿನ್. ಬೇರೆ ವಿಮಾನ ಸ್ಪಿನ್‌ಗೆ ಹೋಗದೇ ಇದ್ರೆ ಸಾಕು, ಟ್ರೈನರ್ ಮಾತ್ರ ಬೇಕಂತ ಸ್ಪಿನ್‌ಗೆ ಹೋಗ್ಬೇಕು ಮತ್ತೆ ಪ್ರತಿ ಸಲಾನೂ ಹೇಳಿದ ಹಾಗೆ ಹೊರಗೆ ಬರ್ಬೇಕು, ಯಾಕಂದ್ರೆ ಶಿಷ್ಯ ಅದನ್ನ ಅಲ್ಲೇ ಕಲಿಯೋದು. ಸಿತಾರ ಅಲ್ಲಿ ತುಂಬಾ ವರ್ಷ ಕಳ್ಕೊಂಡ್ತು, 2019ರಲ್ಲಿ ಬದಲಾಯಿಸಿದ ಬಾಲದ ಜೊತೆ ಸ್ಪಿನ್ ಪರೀಕ್ಷೆ ಮತ್ತೆ ಶುರುವಾಯ್ತು, 2025ರ ಏರೋ ಇಂಡಿಯಾದಲ್ಲಿ ಯಶಸ್ ಅಂತ ಹೊಸ ಹೆಸರು ಸಿಕ್ತು. ಅಷ್ಟರಲ್ಲಿ ಎರಡನೇ ಮೆಟ್ಟಿಲ ಕೆಲಸಾನೂ ಪಿಸಿ-7 ಮೇಲೆ ಹಾಕಿದ್ರು. ಮೊದಲು ಕಿರಣ್‌ಗೆ ಆಗಿದ್ದು ಈಗ ಇದಕ್ಕೆ, ನೋಡಿ.

ಮೂರನೇ ಮೆಟ್ಟಿಲ ಕಥೆ ಇನ್ನೂ ಹಳೇದು. ಅಡ್ವಾನ್ಸ್ಡ್ ಟ್ರೈನರ್ ಬೇಕು ಅಂತ, ವಾಯುಪಡೆಯ ಅಪಘಾತಗಳನ್ನ ಪರಿಶೀಲಿಸಿದ ಲಾ ಫಾಂಟೇನ್ ಸಮಿತಿ 1982ರಲ್ಲೇ ಹೇಳಿತ್ತು, 66 ಹಾಕ್‌ಗೆ ಸಹಿ ಬಿದ್ದಿದ್ದು 2004ರಲ್ಲಿ, ಬೀದರ್‌ನಲ್ಲಿ ಸೇವೆಗೆ ಸೇರಿದ್ದು 2008ರಲ್ಲಿ. ಅದರಲ್ಲಿ 24 ಬ್ರಿಟನ್ನಿಂದ ರೆಡಿಯಾಗಿ ಬಂತು, 42 ಬೆಂಗಳೂರಲ್ಲಿ ಎಚ್‌ಎಎಲ್ ಕಟ್ಟಿತು. ಅಲ್ಲಿವರೆಗೂ ಸಬ್‌ಸೋನಿಕ್, ಅಂದ್ರೆ ಶಬ್ದಕ್ಕಿಂತ ನಿಧಾನದ ಟ್ರೈನರ್‌ನಿಂದ ಇಳಿದ ಹುಡುಗರು ನೇರ ಮಿಗ್-21 ಹತ್ತಬೇಕಿತ್ತು, ಶಬ್ದಕ್ಕಿಂತ ಎರಡು ಪಟ್ಟು ವೇಗದ ವಿಮಾನ, ಇಳಿಯೋವಾಗ್ಲೂ ವೇಗ ಗಂಟೆಗೆ 300 ಕಿ.ಮೀ. ಆಸುಪಾಸು.

ಇನ್ನು ಈಗಿನ ಲೆಕ್ಕ. ವಾಯುಪಡೆಗೆ ಬೇಕಿದ್ದ ಬೇಸಿಕ್ ಟ್ರೈನರ್ 181, ಅದರಲ್ಲಿ 75 ಪಿಸಿ-7, ಉಳಿದ 106 ಎಚ್‌ಎಎಲ್‌ನ ಎಚ್‌ಟಿಟಿ-40. ಇದು ಬೆಂಗಳೂರಿನ ಆಕಾಶದಲ್ಲಿ ಮೊದಲು ಹಾರಿದ್ದು 2016ರ ಮೇ 31ಕ್ಕೆ, ಅದೂ ವಾಯುಪಡೆ ಬೇಡ ಅಂತಿದ್ದ ಕಾಲದಲ್ಲಿ ಎಚ್‌ಎಎಲ್ ತನ್ನ ದುಡ್ಡು ಹಾಕಿ ಮುಂದುವರಿಸಿದ ಪ್ರಾಜೆಕ್ಟ್, ಆ ಹಟಕ್ಕೆ ನನಗೆ ತುಂಬಾ ಗೌರವ ಇದೆ. 1951ರಲ್ಲಿ ಇದೇ ಊರಲ್ಲಿ ಎಚ್‌ಎಎಲ್‌ನ ವಿಮಾನ ವಿನ್ಯಾಸಕಾರ ಡಾ. ಘಾಟಗೆ ಅವರ ತಂಡ ಎಚ್‌ಟಿ-2 ಟ್ರೈನರ್ ಹಾರಿಸಿತ್ತು, ಹಾಗಾಗಿ ಕೈಗೆ ಹೊಸ ಕೆಲಸ ಏನಲ್ಲ. 2023ರ ಮಾರ್ಚ್‌ನಲ್ಲಿ 70 ವಿಮಾನಕ್ಕೆ 6,828 ಕೋಟಿ ರೂಪಾಯಿಯ ಆರ್ಡರ್ ಆಯ್ತು, ಆರು ವರ್ಷದಲ್ಲಿ ಕೊಡ್ಬೇಕು.

ಇದರ ಬಿಸಿ ಯಾಕೆ ಜಾಸ್ತಿ ಅಂದ್ರೆ, ಸರ್ಕಾರದ ಲೆಕ್ಕ ಪರಿಶೋಧನೆ ಮಾಡೋ ಸಿಎಜಿ ವರದಿ ಪ್ರಕಾರ 2015ರಲ್ಲಿ 486 ಇದ್ದ ಪೈಲಟ್ ಕೊರತೆ 2021ರ ಹೊತ್ತಿಗೆ 596 ಆಗಿತ್ತು, ಪಿಸಿ-7ಗಳಲ್ಲಿ ಇಂಜಿನ್ ಆಯಿಲ್ ಸೋರೋ ತೊಂದರೇನೂ ಅದೇ ವರದಿ ಹೇಳುತ್ತೆ. ಸ್ಕ್ವಾಡ್ರನ್ ಕೊರತೆ ಬಗ್ಗೆ ಟಿವಿಯಲ್ಲಿ ಗಂಟೆಗಟ್ಲೆ ಮಾತಾಡ್ತಾರೆ, ಈ 596 ಬಗ್ಗೆ ಯಾರೂ ಅಷ್ಟು ಮಾತಾಡಲ್ಲ.

ಎಚ್‌ಟಿಟಿ-40ಗೆ ಅಮೆರಿಕದ ಹನಿವೆಲ್ ಇಂಜಿನ್, 88 ಇಂಜಿನ್‌ಗೆ 2022ರಲ್ಲೇ ಒಪ್ಪಂದ ಆಗಿತ್ತು, ಆದ್ರೂ ಇಂಜಿನ್ ಬರೋದು ತಡ ಆಯ್ತು, ವಿಮಾನ ರೆಡಿಯಾದ್ರೂ ಹೃದಯಕ್ಕೆ ಕಾಯ್ಬೇಕು. ಕೊನೆಗೆ ಉತ್ಪಾದನಾ ಸಾಲಿನ ಮೊದಲ ವಿಮಾನ 2025ರ ಅಕ್ಟೋಬರ್‌ನಲ್ಲಿ ಬೆಂಗಳೂರಲ್ಲಿ ಹಾರಿತು, ನಾಸಿಕ್‌ನಲ್ಲೂ ಒಂದು ಸಾಲು ಶುರು ಮಾಡಿದ್ದಾರೆ. ಬೇಕಿದ್ದ 106 ಎಚ್‌ಟಿಟಿ-40ರಲ್ಲಿ ಆರ್ಡರ್ ಆದ 70 ತೆಗೆದ್ರೆ ಉಳಿಯೋದು 36, ಆ ನಂಬರನ್ನ ನೋಟ್ಸ್ ಅಂಚಲ್ಲಿ ಪೆನ್ಸಿಲ್‌ನಲ್ಲಿ ಬರ್ಕೊಂಡಿರಿ.