ಮೂಗಿಗಿಂತ ಮೂಗುತಿ ಭಾರ: ಎಲೆಕ್ಟ್ರಾನಿಕ್ಸ್ ಕೂರಿಸಿದ ಹಳೇ ಅಕಾರ್ಡಿಯನ್‌ಗೆ ಎಷ್ಟು ಕೊಡಬಹುದು?

ಅಕಾರ್ಡಿಯನ್ ರಿಪೇರಿ ನನ್ನ ಕೆಲಸ. ಫೋನಿಗೆ ಪದೇ ಪದೇ ಒಂದೇ ಥರದ ಫೋಟೋ ಬರುತ್ತದೆ. ಮುತ್ತಿನ ಹೊಳಪಿನ ಹಳೇ ವಾದ್ಯ, ಪಕ್ಕದಲ್ಲಿ ಒಂದು ಕಪ್ಪು ಡಬ್ಬಿ, ಎರಡರ ನಡುವೆ ಹೆಬ್ಬೆರಳು ದಪ್ಪದ ಕೇಬಲ್. ಕೆಳಗೆ ಪ್ರಶ್ನೆ: "ಸರ್, ಒಳಗೆ ಮಿಡಿ ಹಾಕ್ಸಿದಾರಂತೆ. ಮಾಮೂಲಿ ರೇಟಿಗಿಂತ ಒಂದೂವರೆ ಪಟ್ಟು ಹೇಳ್ತಿದಾರೆ. ಕೊಡಬಹುದಾ?"

ಮಿಡಿ ಅಂದರೆ ನುಡಿಸಿದ್ದನ್ನು ಸಂಕೇತವಾಗಿ ಹೊರಗಿನ ಸೌಂಡ್ ಮಾಡ್ಯೂಲ್‌ಗೆ ಕಳಿಸುವ ಪದ್ಧತಿ. ಅದಕ್ಕಾಗಿ ವಾದ್ಯದ ಒಳಗೆ ಕೂರಿಸುವ ಎಲೆಕ್ಟ್ರಾನಿಕ್ಸ್‌ಗೇ ಕಿಟ್ ಅನ್ನುವುದು. "ಪ್ಲಗ್ ಕಿತ್ತು ನುಡಿಸಿ ನೋಡಿದ್ರಾ?" ಅಂತ ಕೇಳುತ್ತೇನೆ. ಸಾಮಾನ್ಯವಾಗಿ ನೋಡಿರುವುದಿಲ್ಲ.

ನನ್ನ ಲೆಕ್ಕ ಇಷ್ಟೇ. ಎಲೆಕ್ಟ್ರಾನಿಕ್ಸ್ ಇಲ್ಲವೇ ಇಲ್ಲ ಅಂದುಕೊಂಡು ಮೊದಲು ವಾದ್ಯಕ್ಕೆ ಬೆಲೆ ಕಟ್ಟಿ. ಕಿಟ್ ಪೂರ್ತಿ ಕೆಲಸ ಮಾಡುತ್ತಿದ್ದರೆ ಆಮೇಲೆ ಸ್ವಲ್ಪ ಸೇರಿಸಿ. ಕೆಟ್ಟಿದ್ದರೆ ಕಳೆಯಿರಿ. ಮಾರುವವರಿಗೆ ಇದು ಹಿಡಿಸುವುದಿಲ್ಲ. "ಬರೀ ಕಿಟ್‌ಗೇ ಅಷ್ಟೊಂದು ಸುರಿದಿದ್ದೀನಿ" ಅನ್ನುತ್ತಾರೆ. ಸುರಿದಿರುವುದು ನಿಜವೇ. ಆದರೆ ಹಾಗೆ ಸುರಿದ ದುಡ್ಡು ಕೊಳ್ಳುವವನ ಜೇಬಿನಿಂದ ವಾಪಸ್ ಬರಬೇಕು ಅಂತೇನಿಲ್ಲ.

ಕಾರಣ ವಾದ್ಯ, ಕಿಟ್ ಎರಡರ ಆಯಸ್ಸಿನಲ್ಲಿದೆ. 1829ರಲ್ಲಿ ವಿಯೆನ್ನಾದ ಸಿರಿಲ್ ಡೆಮಿಯನ್ ಅಕಾರ್ಡಿಯನ್‌ಗೆ ಪೇಟೆಂಟ್ ಪಡೆದಾಗ ಒಳಗೆ ಏನಿತ್ತೋ, ಮೂಲದಲ್ಲಿ ಇವತ್ತಿಗೂ ಅದೇ ಇದೆ. ಗಾಳಿ ಬರುತ್ತದೆ, ಲೋಹದ ನಾಲಿಗೆ ನಡುಗುತ್ತದೆ. ಎಪ್ಪತ್ತು ವರ್ಷ ಹಳೆಯ ವಾದ್ಯವನ್ನೂ ನನ್ನಂಥವನು ಬಿಚ್ಚಿ, ಒರೆಸಿ, ಮೇಣ ಹಾಕಿ ಎಬ್ಬಿಸಬಹುದು. ಇಪ್ಪತ್ತೈದು ವರ್ಷದ ಹಿಂದಿನ ಸರ್ಕ್ಯೂಟ್ ಬೋರ್ಡ್ ಹಾಗಲ್ಲ. ಅದರ ಮೇಲಿನ ಚಿಪ್ ತಯಾರಾಗುವುದು ನಿಂತಿರುತ್ತದೆ. ಕಿಟ್ ಮಾಡಿದವರು ಅಂಗಡಿ ಮುಚ್ಚಿರುತ್ತಾರೆ. ನಕ್ಷೆ ಯಾರ ಹತ್ತಿರವೂ ಇರುವುದಿಲ್ಲ.

ಹಾಗಾಗಿ ಮೊದಲು ಪವರ್ ಆಫ್ ಮಾಡಿಸಿ. ಬೆಲ್ಲೋಸ್ (ನಡುವಿನ ಮಡಿಕೆ ಮಡಿಕೆಯ ತಿದಿ) ಪಟ್ಟಿ ಬಿಚ್ಚಿ, ಕೀಬೋರ್ಡ್ ಇರುವ ಭಾಗವನ್ನು ಮೇಲೆ ಹಿಡಿದು, ಯಾವ ಕೀಯನ್ನೂ ಒತ್ತದೆ ಬಾಸ್ ಭಾಗವನ್ನು (ಎಡಗೈ ಬಟನ್‌ಗಳಿರುವ ಕಡೆ) ನಿಧಾನಕ್ಕೆ ಕೆಳಗೆ ಬಿಡಿ. ಕೈ ಪೂರ್ತಿ ತೆಗೆಯಬೇಡಿ. ಒಳ್ಳೆಯ ವಾದ್ಯ ಮನಸ್ಸಿಲ್ಲದೆ, ಮಡಿಕೆ ಮಡಿಕೆಯಾಗಿ ಬಿಚ್ಚಿಕೊಳ್ಳುತ್ತದೆ. ಸರ್ರನೆ ಜಾರಿದರೆ ಗಾಳಿ ಸೋರುತ್ತಿದೆ ಅಂತ ಅರ್ಥ. ಕಿಟ್ ಹಾಕಿದ ವಾದ್ಯದಲ್ಲಿ ಸೋರಿಕೆಗೆ ಇನ್ನೂ ಒಂದು ಜಾಗ ಇರುತ್ತದೆ: ಕೇಬಲ್‌ಗೆ ಅಂತ ಕೊರೆದ ತೂತು.

ಆಮೇಲೆ ರೀಡ್, ಅಂದರೆ ಆ ಲೋಹದ ನಾಲಿಗೆಗಳು. ಒಂದೊಂದು ಕೀಯನ್ನೂ ಎಳೆದು ನೋಡಿ, ತಳ್ಳಿ ನೋಡಿ. ಒಂದೇ ದನಿಯ ರಿಜಿಸ್ಟರ್ (ದನಿ ಬದಲಿಸುವ ಸ್ವಿಚ್) ಹಾಕಿಕೊಂಡು ನೋಡಿದರೆ ಒಳ್ಳೆಯದು, ಎಲ್ಲ ದನಿ ಸೇರಿದಾಗ ಒಂದರ ತಪ್ಪು ಇನ್ನೊಂದರಲ್ಲಿ ಮುಚ್ಚಿಹೋಗುತ್ತದೆ. ಬಲಗೈ ಕಡೆ 41 ಕೀ, ಕೀಗೆ 4 ದನಿ ಇರುವ ವಾದ್ಯ ಅಂದುಕೊಳ್ಳಿ. ಎಳೆದಾಗ ಒಂದು ನಾಲಿಗೆ, ತಳ್ಳಿದಾಗ ಇನ್ನೊಂದು. ಅಲ್ಲಿಗೆ 328 ನಾಲಿಗೆ ಆಯಿತು. ಎಡಗೈ ಕಡೆಯದು ಬೇರೆ. ಪೂರ್ತಿ ಶ್ರುತಿ ಮಾಡಬೇಕು ಅಂದರೆ ಇಷ್ಟನ್ನೂ ಒಂದೊಂದಾಗಿ ಕೆರೆದು ಸರಿ ಮಾಡಬೇಕು. ಅದು ದಿನಗಟ್ಟಲೆ ಕೂತು ಮಾಡುವ ಕೆಲಸ. "ಸ್ವಲ್ಪ ಟ್ಯೂನಿಂಗ್ ಮಾಡಿಸಿದ್ರೆ ಸಾಕು" ಅಂತ ಮಾರುವವರು ಹೇಳುವ ಆ ಸ್ವಲ್ಪದಲ್ಲಿ ವಾದ್ಯದ ಕಾಲು ಭಾಗದ ಬೆಲೆ ಕರಗಿಹೋಗಬಹುದು.

ರೀಡ್‌ಗಳನ್ನು ಮರದ ಕಟ್ಟೆಗೆ ಕೂರಿಸುವುದು ಜೇನುಮೇಣ ಮತ್ತು ರಾಳ ಬೆರೆಸಿ. ದಶಕಗಳಾದ ಮೇಲೆ ಅದು ಒಣಗಿ ಬಿರಿಯುತ್ತದೆ. ಒಳಗಿಂದ ಮುಗ್ಗಲು ವಾಸನೆ ಬಂದರೆ ತುಕ್ಕು ಇರಬಹುದು ಅಂತ ಅನುಮಾನಪಡಿ. ಮೂಗು ಇಲ್ಲಿ ಟಾರ್ಚ್‌ಗಿಂತ ಜಾಸ್ತಿ ಕೆಲಸಕ್ಕೆ ಬರುತ್ತದೆ.

ಹೆಸರು ನೋಡಿ ಮಾತ್ರ ಬೆಲೆ ಕಟ್ಟಬೇಡಿ. ಇಟಲಿಯ ಕಾಸ್ಟೆಲ್‌ಫಿದಾರ್ದೊ ಊರಿನ ಕಾರ್ಖಾನೆಗಳಲ್ಲಿ ತಯಾರಾಗಿ ಬೇರೆ ಬೇರೆ ಹೆಸರಿನ ಅಡಿಯಲ್ಲಿ ಮಾರಾಟವಾದ ವಾದ್ಯಗಳು ಎಷ್ಟೋ ಇವೆ. ಮುಂದಿನ ಫಲಕದ ಹೆಸರಿಗಿಂತ ಒಳಗಿನ ರೀಡ್ ಯಾವ ದರ್ಜೆಯದು ಅನ್ನುವುದು ಮುಖ್ಯ.

ಈಗ ಎಲೆಕ್ಟ್ರಾನಿಕ್ಸ್‌ಗೆ ಬರೋಣ. ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವಂತಿಲ್ಲ.

ಒಳಗೆ ಮೈಕ್ ಕೂರಿಸಿರುವುದು ತೀರಾ ಸಾಮಾನ್ಯ. ಗ್ರಿಲ್ ಕೆಳಗೆ ನಾಲ್ಕೈದು ಪುಟ್ಟ ಮೈಕ್, ಬಾಸ್ ಕಡೆ ಒಂದೆರಡು, ಒಂದು ವಾಲ್ಯೂಮ್ ಗುಂಡಿ, 9 ವೋಲ್ಟ್ ಬ್ಯಾಟರಿ. ಚೆನ್ನಾಗಿದ್ದರೆ ಅನುಕೂಲವೇ. ಆದರೂ ಇದಕ್ಕೆ ಬೆಲೆ ಜಾಸ್ತಿ ಸೇರಿಸಬೇಡಿ. ಬ್ಯಾಟರಿ ಡಬ್ಬಿಯ ಮುಚ್ಚಳ ತೆಗೆದು ನೋಡಿ, ಹಸಿರು ಕಿಲುಬು ಹತ್ತಿದೆಯಾ ಅಂತ. ವಯರ್‌ಲೆಸ್ ಟ್ರಾನ್ಸ್‌ಮಿಟರ್ ಸೇರಿಸಿ ಕೊಡುತ್ತೇವೆ ಅಂದರೆ ಅದು ಯಾವ ಫ್ರೀಕ್ವೆನ್ಸಿಯದು ಅಂತ ಕೇಳಿ. ಹಳೆಯ ಕೆಲವು ಬ್ಯಾಂಡ್‌ಗಳನ್ನು ಹಲವು ದೇಶಗಳಲ್ಲಿ ಮೊಬೈಲ್ ಸೇವೆಗೆ ಬಿಟ್ಟುಕೊಟ್ಟಿದ್ದಾರೆ, ಅಲ್ಲಿ ಅದನ್ನು ಬಳಸುವಂತಿಲ್ಲ.

ಮಿಡಿ ಕಿಟ್ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಜನ ಮೋಸ ಹೋಗುವುದೂ ಇಲ್ಲೇ, ಒಳ್ಳೆಯ ವ್ಯಾಪಾರ ಸಿಗುವುದೂ ಇಲ್ಲೇ. ಮಿಡಿ ತಾನಾಗಿ ಯಾವ ಶಬ್ದವನ್ನೂ ಮಾಡುವುದಿಲ್ಲ. ಯಾವ ಕೀ ಒತ್ತಿದಿರಿ, ಯಾವಾಗ ಬಿಟ್ಟಿರಿ, ಬೆಲ್ಲೋಸ್ ಎಷ್ಟು ಜೋರಾಗಿ ಎಳೆದಿರಿ ಅನ್ನುವುದನ್ನು ಸಂಕೇತವಾಗಿ ಹೊರಗೆ ಕಳಿಸುತ್ತದೆ, ಅಷ್ಟೇ. ಶಬ್ದ ಬರುವುದು ಆಚೆಯ ಸೌಂಡ್ ಮಾಡ್ಯೂಲ್‌ನಿಂದ. 1983ರಲ್ಲಿ ಬಂದ ಈ ಪದ್ಧತಿ ಇವತ್ತಿಗೂ ಚಾಲ್ತಿಯಲ್ಲಿದೆ. ಅದೇ ಇದರ ದೊಡ್ಡ ಗುಣ. ಇಪ್ಪತ್ತು ವರ್ಷದ ಕಿಟ್‌ಗೂ ಸಣ್ಣದೊಂದು ಇಂಟರ್‌ಫೇಸ್ ಹಾಕಿ ಇವತ್ತಿನ ಲ್ಯಾಪ್‌ಟಾಪ್‌ಗೆ ಜೋಡಿಸಬಹುದು. ಹಾಗಿರುವಾಗ ಜೊತೆಗೆ ಕೊಡುವ ಹಳೇ ಸೌಂಡ್ ಮಾಡ್ಯೂಲ್‌ಗೆ ದುಡ್ಡು ಯಾಕೆ ಕೊಡಬೇಕು? ಅದರಲ್ಲಿರುವ ಟ್ರಂಪೆಟ್ ಶಬ್ದ ಕೇಳಿದರೆ ನಿಮಗೇ ನಗು ಬರುತ್ತದೆ.

ಕೀ ಒತ್ತಿದ್ದು ಕಿಟ್‌ಗೆ ಗೊತ್ತಾಗುವುದು ಹೇಗೆ ಅಂತ ವಿಚಾರಿಸಿ. ಹಳೆಯ ಕಿಟ್‌ಗಳಲ್ಲಿ ಕೀಯ ಕೆಳಗೆ ತಂತಿ ತಂತಿಗೆ ತಾಗುವ ಕಾಂಟ್ಯಾಕ್ಟ್ ಇರುತ್ತದೆ. ಧೂಳು ಕೂತರೆ ಸ್ವರ ಬರುವುದಿಲ್ಲ, ಅಥವಾ ಒಂದು ಸಲ ಒತ್ತಿದರೆ ಎರಡು ಸಲ ಬರುತ್ತದೆ. ಈಚಿನವುಗಳಲ್ಲಿ ಕೀಗೆ ಪುಟ್ಟ ಅಯಸ್ಕಾಂತ ಅಂಟಿಸಿ, ಕೆಳಗಿನ ಬೋರ್ಡ್‌ನಲ್ಲಿ ಅದನ್ನು ಗುರುತಿಸುವ ಹಾಲ್ ಸೆನ್ಸರ್ ಇಟ್ಟಿರುತ್ತಾರೆ. ಒಂದಕ್ಕೊಂದು ತಾಗುವುದೇ ಇಲ್ಲ, ಆದ್ದರಿಂದ ಸವೆತವೂ ಇಲ್ಲ. ನಾನು ಬೆಲೆ ಸೇರಿಸುವುದು ಬಹುಮಟ್ಟಿಗೆ ಈ ಎರಡನೇ ಜಾತಿಗೆ.

ಪರೀಕ್ಷೆ ಮಾಡುವಾಗ ಒಂದು ಸ್ವರ ಹಿಡಿದು ಬೆಲ್ಲೋಸ್ ಮೆಲ್ಲಗೆ ಎಳೆಯಿರಿ, ನಿಧಾನಕ್ಕೆ ಜೋರು ಮಾಡಿ. ಮಾಡ್ಯೂಲ್‌ನ ಶಬ್ದವೂ ಅದರ ಜೊತೆಗೇ ಏರಬೇಕು. ತಳ್ಳುವಾಗಲೂ ಅಷ್ಟೇ ಏರಬೇಕು. ಏರದೆ ಒಂದೇ ಸಮ ನಿಂತರೆ, ಮಾಡ್ಯೂಲ್ ಸೆಟ್ಟಿಂಗ್ ಸರಿಯಿದೆ ಅಂತಾದರೆ, ಗಾಳಿ ಒತ್ತಡ ಅಳೆಯುವ ಸೆನ್ಸರ್ ಕೆಟ್ಟಿದೆ. ಅಂಥ ಅಕಾರ್ಡಿಯನ್ ಕೊರಳಿಗೆ ನೇತುಹಾಕಿಕೊಂಡ ಕೀಬೋರ್ಡ್ ಅಷ್ಟೇ ಅಲ್ವಾ?

ಇನ್ನೊಂದು ಪರೀಕ್ಷೆಯನ್ನು ನಾನು ದುಡ್ಡು ಕಳೆದುಕೊಂಡು ಕಲಿತೆ. ಕೆಲಸಕ್ಕೆ ಹೊಸಬನಾಗಿದ್ದಾಗ ಮಿಡಿ ಇರುವ ಒಂದು ವಾದ್ಯ ಕೊಂಡೆ. ಮಾರಿದವರ ಮನೆಯಲ್ಲಿ ಕುರ್ಚಿ ಮೇಲೆ ಕೂತು ಎಲ್ಲ ಕೀ, 120 ಬಾಸ್ ಬಟನ್ ಒತ್ತಿ ನೋಡಿದ್ದೆ. ಎಲ್ಲವೂ ಸರಿ ಇತ್ತು. ಮನೆಗೆ ತಂದು ನಿಜವಾಗಿ ನುಡಿಸಲು ಕೂತರೆ, ಬೆಲ್ಲೋಸ್ ಅರ್ಧ ದಾಟಿದ ಕೂಡಲೇ ಎಡಗೈ ಪೂರ್ತಿ ಸತ್ತುಹೋಗುತ್ತಿತ್ತು. ಮುಚ್ಚಿದರೆ ಮತ್ತೆ ಜೀವ ಬರುತ್ತಿತ್ತು. ಬಿಚ್ಚಿ ನೋಡಿದೆ. ಬಾಸ್ ಕಡೆಯಿಂದ ಕೀಬೋರ್ಡ್ ಕಡೆಗೆ ಬೆಲ್ಲೋಸ್ ಒಳಗಿಂದಲೇ ಒಂದು ಚಪ್ಪಟೆ ರಿಬ್ಬನ್ ಕೇಬಲ್ ಹೋಗಿತ್ತು. ವರ್ಷಗಟ್ಟಲೆ ಮಡಿಸಿ ಬಿಚ್ಚಿ, ಮಡಿಸಿ ಬಿಚ್ಚಿ, ಒಂದು ಮಡಿಕೆಯಲ್ಲಿ ಎರಡು ಎಳೆ ತುಂಡಾಗಿದ್ದವು. ಮೇಲಿನ ಪ್ಲಾಸ್ಟಿಕ್ ಮಾತ್ರ ಸುಮ್ನೆ ಹಿಡಿದುಕೊಂಡಿತ್ತು. ಕೇಬಲ್ ಬದಲಾಯಿಸಲು ಎರಡು ದಿನ ಹಿಡಿಯಿತು. ಅಂದಿನಿಂದ ಬೆಲ್ಲೋಸನ್ನು ಕೈ ಚಾಚುವಷ್ಟೂ ಎಳೆದು, ಆ ಸ್ಥಿತಿಯಲ್ಲೇ ಬಾಸ್ ಒತ್ತಿ ನೋಡುತ್ತೇನೆ.

ಕಿಟ್ ಹಾಕಿದ ಕೈ ಎಂಥದು ಅನ್ನುವುದೂ ಬೆಲೆಗೆ ಸೇರುತ್ತದೆ. ಒಂದು ಸಲ ಕೈಗೆ ಬಂದ ವಾದ್ಯದಲ್ಲಿ ಹನ್ನೊಂದು ಸ್ವರ ಮೂಕವಾಗಿದ್ದವು. ಯಾರೋ ಸಾಕೆಟ್ ಕೂರಿಸಲು ವಾದ್ಯದ ಮೈಗೆ ಡ್ರಿಲ್ ಹಾಕುವಾಗ ರೀಡ್ ಕಟ್ಟೆಗಳನ್ನು ಹೊರಗೆ ತೆಗೆದೇ ಇರಲಿಲ್ಲ. ಮರದ ಪುಡಿ ಉದುರಿ, ನಾಲಿಗೆಗೂ ತಗಡಿಗೂ ನಡುವಿನ ಕೂದಲೆಳೆಯಷ್ಟು ಸಂದಿಯಲ್ಲಿ ಕೂತಿತ್ತು. ತೂತಿನ ಸುತ್ತ ಬಿಸಿ ಅಂಟು ಮೆತ್ತಿದ್ದರು, ಅದರ ಪಕ್ಕದಲ್ಲೇ ಗಾಳಿ ಸೋರುತ್ತಿತ್ತು. ಇಂಥ ಕಡೆ ಕಿಟ್‌ಗೆ ಸೇರಿಸುವುದು ಹಾಗಿರಲಿ, ವಾದ್ಯದ ಬೆಲೆಯಿಂದಲೇ ಕಳೆಯಬೇಕು. ಕಾರ್ಖಾನೆಯಲ್ಲೇ ಕೂರಿಸಿದ್ದಾದರೆ ಈ ಭಯ ಕಡಿಮೆ.

ಎಲ್ಲ ಸೇರಿಸಿ ಲೆಕ್ಕ ಹಾಕಿ ತೋರಿಸುತ್ತೇನೆ. ಅದೇ ಮಾಡೆಲ್, ಕಿಟ್ ಇಲ್ಲದ್ದು, ಸರ್ವಿಸ್ ಆಗಿ ಚೆನ್ನಾಗಿರುವುದು 100ಕ್ಕೆ ಹೋಗುತ್ತದೆ ಅಂದುಕೊಳ್ಳಿ. ಜಾಹೀರಾತಿನಲ್ಲಿ ಕೇಳುವ ಬೆಲೆ ಅಲ್ಲ, ನಿಜವಾಗಿ ಮಾರಾಟವಾದ ಬೆಲೆ. ಕೇಳುವವರು ಏನು ಬೇಕಾದರೂ ಕೇಳುತ್ತಾರೆ. ನಿಮ್ಮ ಮುಂದಿರುವುದಕ್ಕೆ ಶ್ರುತಿ ಆಗಬೇಕು, 25 ಕಳೆಯಿರಿ. ಸಣ್ಣ ಸೋರಿಕೆ ಇದೆ, 5 ಕಳೆಯಿರಿ. 70 ಉಳಿಯಿತು. ಮಿಡಿ ಕಿಟ್ ಹೊಸದಾಗಿ ಹಾಕಿಸಲು 60 ಆಗಿತ್ತಂತೆ. ಹತ್ತು ವರ್ಷ ಆಗಿದೆ, ಎಲ್ಲ ಕೀ ಸರಿಯಿದೆ, ತಯಾರಕರು ಇನ್ನೂ ಇದ್ದಾರೆ. ನಾನಾದರೆ ಅದಕ್ಕೆ 15ರಿಂದ 20 ಕೊಡುತ್ತೇನೆ. ಅಲ್ಲಿಗೆ 85–90. ಮಾರುವವರು ಮಾತ್ರ 100ಕ್ಕೆ 60 ಕೂಡಿಸಿ 160 ಅನ್ನುತ್ತಿದ್ದರು. ನಾಲ್ಕು ಕೀ ಸಂಕೇತ ಕಳಿಸುತ್ತಿಲ್ಲ ಅಂತಾದರೆ ಆ 15 ಕೂಡ ಇಲ್ಲ. ಸರಿಮಾಡುವ ಖರ್ಚು ಗೊತ್ತಾಗುವವರೆಗೆ ಕಿಟ್ ಅಂದರೆ ಸೊನ್ನೆ. ಈ ಅಂಕಿಗಳು ನನ್ನ ಅನುಭವದ ಅಂದಾಜು, ನಿಮ್ಮ ರಿಪೇರಿಯವರ ಕೂಲಿ ನೋಡಿಕೊಂಡು ಹಿಂದೆಮುಂದೆ ಮಾಡಿಕೊಳ್ಳಿ.

ಒಂದು ವಿನಾಯಿತಿ ಇದೆ. ನಿಮಗೆ ಮಿಡಿ ಬೇಕೇ ಬೇಕು, ಇಲ್ಲದಿದ್ದರೆ ಹೊಸ ಕಿಟ್ ಹಾಕಿಸುವವರೇ ಇದ್ದೀರಿ ಅನ್ನುವುದಾದರೆ 15ರ ಜಾಗದಲ್ಲಿ 30 ಕೊಟ್ಟರೂ ನಷ್ಟವಿಲ್ಲ. "ಇದ್ದರೆ ಇರಲಿ" ಅನ್ನುವವರು ಮಾತ್ರ ಹಾಗೆ ಕೊಡಬೇಡಿ. ಕಿಟ್ ಸೇರಿದರೆ ತೂಕವೂ ಏರುತ್ತದೆ. 120 ಬಾಸ್‌ನ ವಾದ್ಯ ಮೊದಲೇ 10–12 ಕಿಲೋ ಇರುತ್ತದೆ. ನಿಂತು ಅರ್ಧ ಗಂಟೆ ನುಡಿಸಿ ನೋಡಿ, ಬೆನ್ನು ಉತ್ತರ ಹೇಳುತ್ತದೆ.

1960–70ರ ದಶಕದ ಕಾರ್ಡೊವಾಕ್ಸ್, ಎಲ್ಕಾವಾಕ್ಸ್, ಫಾರ್ಫಿಸಾ ಟ್ರಾನ್ಸಿಕಾರ್ಡ್ ಥರದವು ಬೇರೆಯೇ ಕಥೆ. ಮಿಡಿ ಹುಟ್ಟುವ ಮುಂಚಿನವು. ಅಕಾರ್ಡಿಯನ್‌ಗೆ ಎಲೆಕ್ಟ್ರಾನಿಕ್ ಆರ್ಗನ್ ಜೋಡಿಸಿದ ವಾದ್ಯಗಳು ಇವು. ಕಾರ್ಡೊವಾಕ್ಸ್‌ನಂಥದ್ದರಲ್ಲಿ ಶಬ್ದ ಹುಟ್ಟುವುದೇ ಹೊರಗಿನ ಪೆಟ್ಟಿಗೆಯಲ್ಲಿ, ಹತ್ತಾರು ತಂತಿಯ ದಪ್ಪ ಕೇಬಲ್ ಎರಡನ್ನೂ ಸೇರಿಸುತ್ತದೆ. ಆ ಪೆಟ್ಟಿಗೆಯೋ ಕೇಬಲ್ಲೋ ಇಲ್ಲದಿದ್ದರೆ ಎಲೆಕ್ಟ್ರಾನಿಕ್ಸ್‌ಗೆ ಬಿಡಿಗಾಸೂ ಕೊಡಬೇಡಿ. "ಕೇಬಲ್ ಎಲ್ಲಾದ್ರೂ ಸಿಗುತ್ತೆ" ಅಂದರೆ ನಂಬಬೇಡಿ, ಅದು ಬೇರೆ ಯಾವುದಕ್ಕೂ ಹೊಂದುವ ಕೇಬಲ್ ಅಲ್ಲ. ಎಲ್ಲವೂ ಇದ್ದು, ಕೆಲಸವೂ ಮಾಡುತ್ತಿದ್ದರೆ, ಆ ಕಾಲದ ಆರ್ಗನ್ ದನಿಯನ್ನೇ ಹುಡುಕುವ ಕೆಲವರು ಸಂತೋಷದಿಂದ ಕೊಳ್ಳುತ್ತಾರೆ. ಉಳಿದವರಿಗೆ ಅದು ಬರೀ ಹೊರೆ. ಇಂಥವುಗಳಲ್ಲಿ ರೀಡ್ ಇದೆಯೋ ಇಲ್ಲವೋ ಅನ್ನುವುದನ್ನೂ ಖಾತ್ರಿ ಮಾಡಿಕೊಳ್ಳಿ. ಕೆಲವದರಲ್ಲಿ ಇರುವುದೇ ಇಲ್ಲ, ಪ್ಲಗ್ ಕಿತ್ತರೆ ಮೌನ.

ರೋಲ್ಯಾಂಡ್ ಕಂಪನಿ 2004ರಲ್ಲಿ ತಂದ ವಿ-ಅಕಾರ್ಡಿಯನ್‌ನಲ್ಲೂ ರೀಡ್ ಇಲ್ಲ, ಅದು ಪೂರ್ತಿ ಡಿಜಿಟಲ್. ಅದನ್ನು ಇಲ್ಲಿನ ಲೆಕ್ಕಕ್ಕೆ ಎಳೆದು ತರಬೇಡಿ. ಅದರ ಬೆಲೆ ಬೇರೆ ಎಲೆಕ್ಟ್ರಾನಿಕ್ ಕೀಬೋರ್ಡ್‌ಗಳ ಬೆಲೆಯ ಹಾಗೆ ನಡೆಯುತ್ತದೆ.

ಮಾರುವವರಿಗೂ ಒಂದು ಮಾತು. ಕಿಟ್‌ನ ಬೋರ್ಡ್ ಮೇಲೆ ತಯಾರಕರ ಹೆಸರು, ಮಾಡೆಲ್ ನಂಬರ್ ಇರುತ್ತದೆ, ಅದರ ಫೋಟೋ ತೆಗೆದು ಹಾಕಿ. ಬೆಲ್ಲೋಸ್ ಪೂರ್ತಿ ಬಿಚ್ಚಿ ನುಡಿಸುವ ಎರಡು ನಿಮಿಷದ ವೀಡಿಯೋ ಮಾಡಿ, ಮೊದಲ ನಿಮಿಷ ಪ್ಲಗ್ ಇಲ್ಲದೆ. ಚಾರ್ಜರ್, ಕೇಬಲ್, ಕೈಪಿಡಿ, ಹಾಕಿಸಿದ ದಿನದ ಬಿಲ್ಲು ಎಲ್ಲವನ್ನೂ ವಾದ್ಯದ ಪೆಟ್ಟಿಗೆಯೊಳಗೇ ಇಡಿ. ಆ ದಪ್ಪ ಕೇಬಲ್ ಈಗ ಮನೆಯಲ್ಲಿ ಎಲ್ಲಿದೆ ಅಂತ ಇವತ್ತೇ ಹುಡುಕಿಟ್ಟುಕೊಳ್ಳಿ.